ಹಾರ್ಮೋನಿಯಂ ಮಾರಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹಾರ್ಮೋನಿಯಂ ಮಾರುವ ಮಾತು ಎತ್ತಿದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ವಯಸ್ಸು ಮೂವತ್ತೆಂಟಾಯ್ತು, ಇನ್ನು ನನ್ನ ಹಾಡು ಯಾರಿಗೆ ಬೇಕು, ಮಗಳ ಫೀಸಿಗಾದರೂ ಆಗುತ್ತೆ ಅಂದೆ. ಯಾರದೋ ಮದುವೆಯಲ್ಲಿ ಮೂರು ತಾಸು ಹಾಡಿಸಿಕೊಂಡು, ಒಂದು ಶಾಲು ಹೊದಿಸಿ, ಬಸ್ ಚಾರ್ಜೂ ಕೊಡದೆ ಕಳಿಸಿದ್ದನ್ನು ಹೇಳುವಾಗ ನಿನ್ನ ದನಿ ನಡುಗಿತು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹಡಗಿನಲ್ಲಿದ್ದ ಕಾಲ ಗೊತ್ತಲ್ಲ. 1996ರಲ್ಲಿ ಎಂಜಿನ್ ಕೆಟ್ಟು ಒಂಬತ್ತು ದಿನ ಮಿಂಡೆಲೋ ಬಂದರಿನಲ್ಲಿ ನಿಂತಿದ್ದೆವು. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಮುದ್ರದಲ್ಲಿ ಕೇಪ್ ವರ್ಡ್ ಅಂತ ಹತ್ತು ದ್ವೀಪಗಳ ದೇಶ ಇದೆ. ಅದರಲ್ಲಿ ಸಾವ್ ವಿಸೆಂಟ್ ದ್ವೀಪದ ಊರು ಮಿಂಡೆಲೋ. ನಮ್ಮ ಕುಮಟೆಯ ಹಾಗೆ ತೆಂಗು, ಅಡಿಕೆ, ಹಸಿರು ಅಂದ್ಕೋಬೇಡ. ಮಳೆ ಬೀಳುವುದೇ ಅಪರೂಪ. ಬೋಳು ಗುಡ್ಡ, ಇಡೀ ದಿನ ಬೀಸುವ ಗಾಳಿ, ಬಾಯಲ್ಲಿ ಧೂಳು. ಕೊಲ್ಲಿಯ ಆಚೆಗೊಂದು ಬೆಟ್ಟ, ಮನುಷ್ಯ ಅಂಗಾತ ಮಲಗಿ ಆಕಾಶ ನೋಡಿದ ಹಾಗೆ ಕಾಣುತ್ತದೆ.

ಬಂದರಿನ ಹತ್ತಿರ ಒಂದು ಸಣ್ಣ ಖಾನಾವಳಿ ಇತ್ತು. ಮೆಕ್ಕೆಜೋಳ, ಕಾಳು ಹಾಕಿ ಗಂಟೆಗಟ್ಟಲೆ ಬೇಯಿಸಿದ ಕಚುಪಾ ಅಲ್ಲಿಯ ಊಟ. ಹಿಂದೆ ಒಬ್ಬ ಹೆಂಗಸು ಪಾತ್ರೆ ತಿಕ್ಕುತ್ತಿದ್ದಳು, ಕ್ಯಾಸೆಟ್ ಓಡುತ್ತಿತ್ತು. ಒಂದು ಹಾಡು ಬಂದಾಗ ಆಕೆ ಪಾತ್ರೆ ಕೆಳಗಿಟ್ಟು, ಸೆರಗಿನ ಥರ ಕಟ್ಟಿಕೊಂಡಿದ್ದ ಬಟ್ಟೆಗೆ ಕೈ ಒರೆಸಿಕೊಂಡು ಬಂದು, ದನಿ ಜಾಸ್ತಿ ಮಾಡಿ, ಹಾಡು ಮುಗಿಯೋ ತನಕ ನಿಂತೇ ಕೇಳಿದಳು. ಆಮೇಲೆ ಮತ್ತೆ ಪಾತ್ರೆಗೆ ಹೋದಳು. ನನಗೆ ಒಂದು ಶಬ್ದವೂ ಅರ್ಥ ಆಗಿರಲಿಲ್ಲ. ಆದರೂ ಗಂಟಲು ಕಟ್ಟಿತು. ದೂರದ ಸಾವ್ ತೋಮೆ ದ್ವೀಪಕ್ಕೆ ಕೂಲಿಗೆ ಹೋದವರನ್ನು ನೆನೆಯುವ ಹಾಡು ಅದು, ಹೆಸರು ಸೊದಾಡೆ ಅಂತ ಖಾನಾವಳಿಯವನು ಹೇಳಿದ. ಹಾಡಿದವಳು ಇದೇ ಊರಿನ ಸೆಸಾರಿಯಾ ಎವೊರಾ. ಹಡಗಿಗೆ ವಾಪಸ್ ಹೋಗುವಾಗ ಆ ಕ್ಯಾಸೆಟ್ ಕೊಂಡುಕೊಂಡೆ.

ಪುಟ್ಟಿ, ಆಕೆಯ ಕಥೆ ನಿನಗೆ ಹೇಳಲೇಬೇಕು.

ಹುಟ್ಟಿದ್ದು 1941ರಲ್ಲಿ. ಅಪ್ಪ ವಾದ್ಯ ನುಡಿಸುವವನು, ಆಕೆಗೆ ಏಳು ವರ್ಷ ಇದ್ದಾಗಲೇ ಹೋದ. ಅಮ್ಮ ಅಡುಗೆ ಕೆಲಸದವಳು, ಎಲ್ಲ ಮಕ್ಕಳನ್ನೂ ಸಾಕಲಾಗದೆ ಹತ್ತನೇ ವಯಸ್ಸಿಗೆ ಇವಳನ್ನು ಅನಾಥಾಲಯಕ್ಕೆ ಸೇರಿಸಿದಳು. ಹದಿನಾರರ ಹೊತ್ತಿಗೆ ಬಂದರಿನ ಬಾರುಗಳಲ್ಲಿ ಹಾಡಲು ಶುರು ಮಾಡಿದಳು. ಹಾಡುತ್ತಿದ್ದದ್ದು ಮೋರ್ನಾ. ಅದು ಆ ದ್ವೀಪಗಳದ್ದೇ ಧಾಟಿ, ನಿಧಾನ, ಅಗಲಿಕೆಯ ನೋವು ತುಂಬಿದ್ದು. ಗಿಟಾರ್ ಜೊತೆಗೆ ನಾಲ್ಕು ತಂತಿಯ ಪುಟ್ಟ ಕವಾಕಿನ್ಯೋ, ಪಿಟೀಲು, ಅಷ್ಟೇ. ಊರೆಲ್ಲ ಆಕೆಯನ್ನು ಮೆಚ್ಚಿತ್ತು. ಬಂದರಿಗೆ ಬರುವ ಪೋರ್ಚುಗೀಸ್ ಹಡಗುಗಳ ಮೇಲೆ ಕರೆಸಿ ಹಾಡಿಸಿದರು. ರೇಡಿಯೋದವರು ಹಾಡಿಸಿಕೊಂಡರು. ಕೈಗೆ ಬಂದದ್ದು ಮಾತ್ರ ಚಿಲ್ಲರೆ, ಇಲ್ಲಾ ಒಂದು ಗ್ಲಾಸು ಹೆಂಡ.

ನಿನ್ನ ಶಾಲಿನ ಕಥೆ ಕೇಳಿದಾಗ ನನಗೆ ನೆನಪಾದದ್ದು ಆ ಗ್ಲಾಸು. ಹಾಡಿದವಳಿಗೆ ಗ್ಲಾಸು ತುಂಬಿಸಿ ಕೊಡುವುದು ಪ್ರೀತಿಯಿಂದಲೇ ಇರಬಹುದು. ಆದರೆ ಅದರಿಂದ ಅಕ್ಕಿ ಬರುವುದಿಲ್ಲ, ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಗಂಡು ದಿಕ್ಕಿಲ್ಲದೆ, ಅಮ್ಮನ ಮನೆಯಲ್ಲೇ ಮಕ್ಕಳನ್ನು ಸಾಕಿದವಳು ಅವಳು. 1975ರಲ್ಲಿ ಪೋರ್ಚುಗೀಸರಿಂದ ದೇಶಕ್ಕೆ ಸ್ವಾತಂತ್ರ್ಯ ಬಂತು, ಬಂದರಿನ ಗಲಾಟೆ ಕಡಿಮೆಯಾಯ್ತು, ಬಾರುಗಳಲ್ಲಿ ಕೇಳುವವರೂ ಕಡಿಮೆಯಾದರು. ಆಕೆ ಹಾಡೋದನ್ನೇ ಬಿಟ್ಟುಬಿಟ್ಟಳು. ಒಂದೆರಡು ವರ್ಷ ಅಲ್ಲ, ಸುಮಾರು ಹತ್ತು ವರ್ಷ. ಮನೆಯೊಳಗೆ ಕೂತು ಕುಡಿದಳು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ, ಯಾಕೆಂದರೆ ಮೂವತ್ನಾಲ್ಕರಿಂದ ನಲವತ್ನಾಲ್ಕು ಅಂದರೆ ಗಂಟಲು ಹಣ್ಣಾಗುವ ಕಾಲ, ಅದನ್ನು ಕೇಳುವ ಭಾಗ್ಯ ಯಾರಿಗೂ ಇರಲಿಲ್ಲ.

1985ರಲ್ಲಿ ಲಿಸ್ಬನ್‌ಗೆ ಕರೆ ಬಂತು, ಕೇಪ್ ವರ್ಡಿನ ಹೆಂಗಸರ ಹಾಡುಗಳ ಒಂದು ರೆಕಾರ್ಡಿಗೆ. ಅದರಿಂದ ದೊಡ್ಡದೇನೂ ಆಗಲಿಲ್ಲ. 1987ರಲ್ಲಿ ಮತ್ತೆ ಲಿಸ್ಬನ್‌ನಲ್ಲಿ ಹಾಡುವಾಗ ಜೋಸೆ ದ ಸಿಲ್ವಾ ಎಂಬುವನು ಕೇಳಿದ. ಅವನೇನು ದೊಡ್ಡ ಕಂಪನಿಯ ಮಾಲೀಕನಲ್ಲ ಪುಟ್ಟಿ, ಫ್ರಾನ್ಸಿನ ರೈಲ್ವೆಯಲ್ಲಿ ಕೆಲಸಕ್ಕಿದ್ದ ಅವರದೇ ದೇಶದ ಹುಡುಗ. ಪ್ಯಾರಿಸ್ಸಿಗೆ ಬಾ, ರೆಕಾರ್ಡ್ ಮಾಡೋಣ ಅಂದ. ಆಕೆ ಹೋದಳು. 1988ರಲ್ಲಿ ಮೊದಲ ಆಲ್ಬಂ ಬಂದಾಗ ಆಕೆಗೆ ನಲವತ್ತೇಳು. ಅದರ ಹೆಸರಿನ ಅರ್ಥ ಬರಿಗಾಲಿನ ರಾಣಿ ಅಂತ ಇಟ್ಕೋ. ವೇದಿಕೆಯ ಮೇಲೂ ಚಪ್ಪಲಿ ಹಾಕುತ್ತಿರಲಿಲ್ಲ ಆಕೆ.

ಇಲ್ಲಿ ಒಂದು ವಿಷಯ ಗಮನಿಸು. ಆಗಿನ ಪಾರ್ಟಿಗಳಲ್ಲಿ ಕುಣಿಯೋಕೆ ಆಗುವಂಥ ಕರೆಂಟಿನ ವಾದ್ಯ ಸೇರಿಸಿಯೂ ಹಾಡಿಸಿದರು. ತಮ್ಮ ಜನಕ್ಕೆ ಇಷ್ಟವಾಯ್ತು, ಹೊರಗಿನವರು ತಿರುಗಿ ನೋಡಲಿಲ್ಲ. 1991ರಲ್ಲಿ ಅದನ್ನೆಲ್ಲ ಬಿಟ್ಟು, ಮಿಂಡೆಲೋದ ಬಾರಿನಲ್ಲಿ ಹೇಗೆ ಹಾಡುತ್ತಿದ್ದಳೋ ಹಾಗೇ, ತಂತಿ ವಾದ್ಯಗಳ ಜೊತೆ ಹಾಡಿದಾಗಲೇ ಫ್ರೆಂಚರು ಕಿವಿ ಕೊಟ್ಟದ್ದು. ಮರುವರ್ಷದ ಮಿಸ್ ಪರ್ಫುಮಾಡೋ ಆಲ್ಬಂನಲ್ಲೇ ಸೊದಾಡೆ ಇರುವುದು. ಅದು ಲಕ್ಷಗಟ್ಟಲೆ ಮಾರಾಟವಾಯ್ತು. 1993ರಲ್ಲಿ ಪ್ಯಾರಿಸ್ಸಿನ ಒಲಂಪಿಯಾ ಸಭಾಂಗಣದಲ್ಲಿ ಹಾಡಿದಳು. 2004ರಲ್ಲಿ ಗ್ರ್ಯಾಮಿ ಬಂತು. ಹಾಡಿದ ಭಾಷೆ ಮಾತ್ರ ಮನೆಯ ಕ್ರಿಯೋಲು, ಆ ದ್ವೀಪಗಳಲ್ಲಿ ಅದನ್ನಾಡುವವರು ಒಟ್ಟು ಐದು ಲಕ್ಷದಷ್ಟು ಜನ. ನಿನಗೆ ಯಾರೋ ಟ್ರ್ಯಾಕ್ ಹಾಕ್ಕೊಂಡು ಹಿಂದಿ ಹಾಡು ಹೇಳು, ಆಗ ಕರೀತೀವಿ ಅಂದರಲ್ಲ. ಬೇಕಾದರೆ ಹಾಡು, ಹೊಟ್ಟೆಪಾಡು ಇದೆ, ನಾನು ಬೇಡ ಅನ್ನೋದಿಲ್ಲ. ಆದರೆ ನಿನ್ನ ಅಜ್ಜಿಯಿಂದ ಕಲಿತ ಆ ಹಾಡುಗಳನ್ನು ನಾಚಿಕೆಯಿಂದ ಬಚ್ಚಿಡಬೇಡ. ನೀನು ಅವನ್ನು ಹಾಡುವಾಗ ನಾನೂ ಆ ಹೆಂಗಸಿನ ಹಾಗೆ ಕೈಯಲ್ಲಿದ್ದದ್ದು ಕೆಳಗಿಟ್ಟು ಕೇಳಿದ್ದೇನೆ.

ನಿನಗೂ ಪ್ಯಾರಿಸ್ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ಸುಳ್ಳು ಆಸೆ ಹುಟ್ಟಿಸಲಾರೆ. ಮಿಂಡೆಲೋದಲ್ಲಿ ಆಕೆಯಷ್ಟೇ ಚೆನ್ನಾಗಿ ಹಾಡುವವರು ಇನ್ನೂ ಇದ್ದಿರಬೇಕು, ಅವರ ಪಾಲಿಗೆ ರೈಲ್ವೆಯ ಹುಡುಗ ಬರಲಿಲ್ಲ. ನಾನು ಕೇಳೋದು ಎರಡೇ. ಪುಕ್ಕಟೆ ಹಾಡಬೇಡ. ಕರೆದವರ ಹತ್ತಿರ ಮೊದಲೇ ಇಷ್ಟು ಅಂತ ಹೇಳು, ಅರ್ಧ ಮುಂಗಡ ತಗೋ. ನಿನಗೆ ಬಾಯಿ ಬರಲ್ಲ ಅಂತ ಗೊತ್ತು, ನಿನ್ನ ತಮ್ಮ ಮಾತಾಡಲಿ, ಬ್ಯಾಂಕಿನಲ್ಲಿ ದಿನಾ ಸಾಲ ವಸೂಲಿ ಮಾಡುವವನು ಅವನು. ದೇವರ ಕಾರ್ಯ, ಹತ್ತಿರದವರ ಮನೆ ಅಂದರೆ ಬೇರೆ ಮಾತು. ಆಮೇಲೆ, ಕರೆಯುವವರು ಇರಲಿ ಬಿಡಲಿ, ಬೆಳಿಗ್ಗೆ ಅರ್ಧ ಗಂಟೆ ಹಾಡೋದನ್ನು ನಿಲ್ಲಿಸಬೇಡ.

ಆರೋಗ್ಯದ ಮಾತೂ ಹೇಳಿಬಿಡುತ್ತೇನೆ. ಆಕೆ ಕುಡಿತವನ್ನು ಕೊನೆಗೂ ಬಿಟ್ಟಳು, ಸಿಗರೇಟು ಬಿಡಲಾಗಲಿಲ್ಲ. ಕಛೇರಿಯ ನಡುವೆ ವೇದಿಕೆಯ ಮೇಲೇ ಒಂದು ಸಣ್ಣ ಮೇಜಿನ ಹತ್ತಿರ ಕೂತು ಸೇದುತ್ತಿದ್ದಳು, ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. 2008ರಲ್ಲಿ ಪಾರ್ಶ್ವವಾಯು, 2010ರಲ್ಲಿ ಹೃದಯದ ಆಪರೇಷನ್, 2011ರ ಸೆಪ್ಟೆಂಬರಿನಲ್ಲಿ ಇನ್ನು ಹಾಡಲಾರೆ ಅಂದಳು, ಡಿಸೆಂಬರ್ 17ಕ್ಕೆ ತನ್ನ ದ್ವೀಪದಲ್ಲೇ ಕಣ್ಣು ಮುಚ್ಚಿದಳು. ಎಪ್ಪತ್ತು ವರ್ಷ. ನಿನಗೆ ಬಿಪಿ ಇದೆ, ಮಾತ್ರೆ ತಪ್ಪಿಸಬೇಡ. ಈಗ ಆ ದ್ವೀಪದ ವಿಮಾನ ನಿಲ್ದಾಣಕ್ಕೆ ಆಕೆಯದೇ ಹೆಸರು, 2,000 ಎಸ್ಕುಡೋ ನೋಟಿನ ಮೇಲೆ ಆಕೆಯ ಮುಖ. ಬಾರಿನಲ್ಲಿ ಚಿಲ್ಲರೆ ಪಡೆದವಳ ಮುಖ.

ಫೀಸಿನ ಹಣ ನಾಳೆ ನಿನ್ನ ಖಾತೆಗೆ ಹಾಕುತ್ತೇನೆ, ವಾಪಸ್ ಕೊಡುವ ಮಾತು ಆಡಬೇಡ. ಹಾರ್ಮೋನಿಯಂ ಆಗಲೇ ಮಾರಿದ್ದರೆ ಯಾರಿಗೆ ಅಂತ ಇವತ್ತೇ ಹೇಳು. ನಾನೇ ಹೋಗಿ ತರ್ತೀನಿ.

ನಿನ್ನ ಮಾವ