ಮಂಜನಿಗೆ, ತುರಹಳ್ಳಿಯ ಬೂದಿ ನೋಡಿ ಬಂದ ಮೇಲೆ

ಮಂಜ,

ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕ್ತೀಯ. ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಆ ದಿನ ನಮ್ಮ ಪಕ್ಕ ನಿಂತವರಲ್ಲಿ ನಾಲ್ಕು ಜನರಾದರೂ ಓದಲಿ ಅಂತ. ಎರಡೂವರೆ ಇಡ್ಲಿ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ಹೆದರಬೇಡ.

ನಮ್ಮ ಬೆಂಗಳೂರಿನ ತುರಹಳ್ಳಿ ಕಾಡಿಗೆ ಬೆಂಕಿ ಬಿದ್ದಿತ್ತು ಕಣೋ. ಪೂರ್ತಿ ಅಲ್ಲ. ನಾವು ಸೈಕಲ್ ಒರಗಿಸುತ್ತಿದ್ದ ಬಂಡೆಯ ಹಿಂದಿನ ಇಳಿಜಾರು. ನಿನ್ನ ಚಕ್ರಕ್ಕೆ ಒಂದೇ ದಿನ ಮೂರು ಸಲ ಜಾಲಿ ಮುಳ್ಳು ಹೊಕ್ಕಿತ್ತಲ್ಲ, ಅಲ್ಲೇ.

2021ರ ಫೆಬ್ರವರಿ ನೆನಪಿದೆ ಅಲ್ವಾ? ಕನಕಪುರ ರಸ್ತೆಯಲ್ಲಿ ಆಗಷ್ಟೇ ಮೆಟ್ರೋ ಓಡಲು ಶುರುವಾಗಿತ್ತು. ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡ್ತಾರೆ ಅಂತ ಸುದ್ದಿ ಬಂತು. 500 ಎಕರೆಗೂ ಜಾಸ್ತಿ ಇರುವ ಕಾಡು, ಅದೂ ಊರಿನ ಮಗ್ಗುಲಲ್ಲೇ. ಅದಕ್ಕೆ ಪಾರ್ಕಿನ ವೇಷ ಯಾಕೆ ಅಂತ ನೂರಾರು ಜನ ಸೇರಿದರು. ಮಾಸ್ಕ್ ಹಾಕಿಕೊಂಡೇ ಕೂಗಿದೆವು, ಪಾರ್ಕ್ ಬೇಡ, ಕಾಡು ಬೇಕು ಅಂತ. ನನ್ನ ಮಗಳು ನಿನ್ನ ಹೆಗಲ ಮೇಲೆ ಕೂತಿದ್ದಳು, ಮೂರು ವರ್ಷದವಳು, ರಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು. ಆಗ ಅರಣ್ಯ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಜನರ ಮಾತು ಕೇಳಿದರು, ಯೋಜನೆ ನಿಂತಿತು. ನಾವು ಗೆದ್ದೆವು. ಆ ಫೋಟೋ ಇವತ್ತಿಗೂ ನಮ್ಮ ಫ್ರಿಜ್ ಮೇಲಿದೆ.

ಆಮೇಲೆ ನೀನು ಹಾಸನಕ್ಕೆ ಹೋದೆ. ನಾನು ಇಲ್ಲೇ ಉಳಿದೆ. ಬಾಲ್ಕನಿಯಲ್ಲಿ ನಿಂತರೆ ಬಂಡೆ ಕಾಣುತ್ತದೆ. ಬೆಳಿಗ್ಗೆ ನವಿಲು ಕೂಗುವುದು ಕೇಳುತ್ತದೆ. ಈ ಐದು ವರ್ಷದಲ್ಲಿ ಎಷ್ಟು ಸಲ ಒಳಗೆ ಹೋದೆ ಅಂತ ಲೆಕ್ಕ ಹಾಕಿದೆ. ಒಂದು ಕೈಯ ಬೆರಳು ಜಾಸ್ತಿಯಾಯಿತು.

ಬೆಂಕಿ ಬಿದ್ದ ರಾತ್ರಿ ಮೊದಲು ವಾಸನೆ ಬಂತು. ಬಾಲ್ಕನಿಗೆ ಬಂದು ನೋಡಿದರೆ ಇಳಿಜಾರಿನಲ್ಲಿ ಕೆಂಪು ಗೆರೆ, ನಿಧಾನವಾಗಿ ಮೇಲೇರುತ್ತಿತ್ತು. ವಿಡಿಯೋ ಮಾಡಿದೆ. ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ. ಎಲ್ಲರೂ ಅಳುವ ಮುಖ ಒತ್ತಿದರು. ಮಗಳು ಎದ್ದು ಬಂದು ಕೇಳಿದಳು, "ಅಪ್ಪ, ನಾವು ಹೋಗಿ ಆರಿಸೋಣ್ವಾ?"

"ಅವರು ನೋಡ್ಕೋತಾರೆ, ನೀನು ಮಲ್ಕೋ" ಅಂದೆ.

ಹೊಗೆ ಬರುತ್ತದೆ ಅಂತ ಕಿಟಕಿ ಹಾಕಿಕೊಂಡು ನಾನೂ ಮಲಗಿದೆ ಮಂಜ. ಇದನ್ನು ಬರೆಯಬೇಕು ಅಂತ ಕೂತವನಲ್ಲ. ಬರೆದಾಯಿತು. ಬೆಂಕಿಗೆ ಹೆದರಿದ್ದಲ್ಲ. ನನ್ನ ಪಾಲಿನ ಕೆಲಸ ಐದು ವರ್ಷದ ಹಿಂದೆ ರಸ್ತೆಯಲ್ಲಿ ಮುಗಿದಿದೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಆ ರಾತ್ರಿ ಗೊತ್ತಾಯಿತು.

ನಾನು ಹೇಳಿದ 'ಅವರು' ಬೆಳಿಗ್ಗೆ ಸಿಕ್ಕರು. ಅರಣ್ಯ ಇಲಾಖೆಯ ಇಬ್ಬರು ವಾಚರ್‌ಗಳು, ಜೊತೆಗೆ ಸುತ್ತಮುತ್ತಲಿನ ನಾಲ್ಕೈದು ಜನ. ಭಾನುವಾರ ಭಾನುವಾರ ಬಂದು ಒಡೆದ ಬಾಟಲಿ ಹೆಕ್ಕುವವರು, ಲಂಟಾನ ಅನ್ನುವ ಕಳೆಗಿಡ ಕೀಳುವವರು. ರಾತ್ರಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಬಡಿದು ಆರಿಸಿದ್ದಾರೆ. ಒಬ್ಬರ ಹುಬ್ಬು ಸುಟ್ಟಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಟೀ ಕೊಟ್ಟರು.

ಬೂದಿಯಲ್ಲಿ ನಡೆದೆ. ಹುಲ್ಲು ಹೋದ ಮೇಲೆ ಕಾಣುವುದೇ ಬೇರೆ. ಕಪ್ಪು ನೆಲದ ತುಂಬಾ ಬಿಳಿ ಬಿಳಿ ಚುಕ್ಕಿ. ಬಗ್ಗಿ ನೋಡಿದರೆ ಬಸವನಹುಳುವಿನ ಚಿಪ್ಪುಗಳು. ನಮ್ಮ ಕಿರುಬೆರಳ ಉಗುರಿನಷ್ಟೇ ದೊಡ್ಡವು. ಮಳೆ ಬರಲಿ ಅಂತ ಹುಲ್ಲಿನ ಬುಡದಲ್ಲಿ ಕಾದು ಮಲಗಿದ್ದವು, ಮಲಗಿದಲ್ಲೇ ಬೆಂದಿವೆ. ಒಂದನ್ನು ಎತ್ತಿಕೊಂಡೆ, ಬೆರಳಿಗೆ ಸುಣ್ಣದ ಹಾಗೆ ಅಂಟಿ ಪುಡಿಯಾಯಿತು. ಒಂದು ಹೆಜ್ಜೆಯೊಳಗೆ ಹದಿನೇಳು ಎಣಿಸಿದೆ. ಆಮೇಲೆ ಎಣಿಸಲಿಲ್ಲ.

ನಮ್ಮ ಗ್ರೂಪಿನಲ್ಲಿ ಅಷ್ಟು ಹೊತ್ತಿಗೆ ಸಸಿ ನೆಡುವ ಮಾತು ಶುರುವಾಗಿತ್ತು. ಗುಲ್‌ಮೊಹರ್, ಟಬೂಬಿಯಾ, ಹೂ ಬಿಟ್ಟರೆ ಚೆನ್ನಾಗಿ ಕಾಣುತ್ತೆ ಅಂತ. ಹುಬ್ಬು ಸುಟ್ಟವರಿಗೆ ತೋರಿಸಿದೆ. ಏನೂ ನೆಡಬೇಡಿ ಅಂದರು. ಅವೆಲ್ಲ ಹೊರದೇಶದ ಮರ, ರಸ್ತೆ ಬದಿಗೆ ಸರಿ. ಇಲ್ಲಿಯ ಕಾಡು ಅಂದರೆ ಕಾರೆ, ಬಂದ್ರೆ, ಕಕ್ಕೆ, ಜಾಲಿ, ಬಂಡೆ ಸಂದಿಯ ಹುಲ್ಲು. ನೋಡಲು ಕುರುಚಲು. ಆದರೆ ಆ ಮುಳ್ಳಿನೊಳಗೇ ಹಕ್ಕಿ ಧೈರ್ಯವಾಗಿ ಗೂಡು ಕಟ್ಟುವುದು. ಮೇಲೆ ಸುಟ್ಟರೂ ಬೇರು ಜೀವ ಹಿಡಿದಿರುತ್ತೆ, ಮಳೆ ಬಿದ್ದರೆ ಚಿಗುರುತ್ತೆ. ಗುಂಡಿ ತೋಡಲು ಹೋದರೆ ಆ ಬೇರನ್ನೇ ಕಡಿದು ಹಾಕ್ತೀವಿ.

ಕೆಲಸ ಇರುವುದು ಲಂಟಾನದ್ದು. ಅದು ಎಲ್ಲರಿಗಿಂತ ಮೊದಲು ಚಿಗುರಿ ನೆರಳು ಹಾಕಿಬಿಡುತ್ತೆ. ಒಣಗಿದಾಗ ಬೆಂಕಿಗೆ ಒಳ್ಳೇ ಸೌದೆ. ಮೇಲೆ ಸವರಿದರೆ ಪ್ರಯೋಜನ ಇಲ್ಲ, ಇನ್ನಷ್ಟು ಕವಲೊಡೆಯುತ್ತೆ. ಮಣ್ಣು ಬಿಡಿಸಿ, ಬುಡಕ್ಕಿಂತ ಕೆಳಗೆ ತಾಯಿ ಬೇರನ್ನು ಕಡಿಯಬೇಕು. ಕಿತ್ತ ಮೇಲೆ ಬೇರು ಮೇಲಾಗಿ ಇಡಬೇಕು. ಇಲ್ಲದಿದ್ದರೆ ಬಿದ್ದಲ್ಲೇ ಮತ್ತೆ ನೆಲ ಹಿಡಿಯುತ್ತೆ. ನಿನ್ನೆ ನಾನು ಕಿತ್ತದ್ದು ಆರು ಬುಡ. ಅಂಗೈಯಲ್ಲಿ ಎರಡು ಬೊಬ್ಬೆ. ಸಂಜೆ ನನ್ನ ಅಂಗೈ ಹಿಡಿದು ನೋಡಿದ ಮಗಳು, "ಮುಂದಿನ ಸಲ ನಂಗೂ ಒಂದು ಗುದ್ದಲಿ" ಅಂದಳು. ಫ್ರಿಜ್ ಮೇಲಿನ ಫೋಟೋ ತೋರಿಸಿ ಅಪ್ಪ ಏನು ಮಾಡಿದ ಗೊತ್ತಾ ಅಂತ ಕತೆ ಹೇಳುತ್ತಿದ್ದೆನಲ್ಲ, ಒಂದಷ್ಟು ದಿನ ಆ ಕತೆ ಬೇಡ ಅಂದುಕೊಂಡಿದ್ದೇನೆ.

ಸಾಕು, ಜಾಸ್ತಿ ಆಯ್ತು. ನಿಮ್ಮಮ್ಮನ ಮಂಡಿ ನೋವು ಹೇಗಿದೆ? ಹಲಸಿನ ಹಪ್ಪಳ ಮಾಡಿದ್ದರೆ ಕಳಿಸು ಅಂತ ಕೇಳುವುದಿಲ್ಲ, ನೀನೇ ತಗೊಂಡು ಬಾ. ಶನಿವಾರ ರಾತ್ರಿ ಬಸ್ ಹತ್ತು. ಭಾನುವಾರ ಆರು ಗಂಟೆಗೆ ಬಂಡೆ ಹತ್ತಿರ ಇರಬೇಕು. ಗುದ್ದಲಿ ಎರಡು ತಂದಿಟ್ಟಿದ್ದೇನೆ, ಮೂರನೆಯದು ಚಿಕ್ಕದು. ಸೈಕಲ್ ಇನ್ನೂ ನಮ್ಮ ಬೇಸ್‌ಮೆಂಟಿನಲ್ಲೇ ಇದೆ, ಗಾಳಿ ತುಂಬಿಸಿಡುತ್ತೇನೆ. ಟ್ಯೂಬ್ ಮಾತ್ರ ಎರಡು ಜಾಸ್ತಿ ಹಿಡ್ಕೊಂಡು ಬಾ, ನಿನ್ನ ಜಾಲಿ ಮರ ಸುಟ್ಟಿಲ್ಲ.

ಆಮೇಲೆ ಇಡ್ಲಿ. ಎಷ್ಟು ಅಂತ ನಿನಗೇ ಗೊತ್ತು.

ನಿನ್ನ,
ಬಾಲ್ಕನಿಯಿಂದ ಇಳಿದು ಬಂದವನು