ಬೈಯುವ ಮೊದಲು ನಾಲ್ಕು ಕಂತು ನೋಡಿ ಮೇಷ್ಟ್ರೇ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸಿನಿಮಾ ವಿಮರ್ಶೆ ಬರುತ್ತದೆ. ಧಾರಾವಾಹಿ ಸುದ್ದಿ ಬರುತ್ತದೆ. ಯಾವ ನಟಿ ಯಾವ ಸೀರೆ ಉಟ್ಟಿದ್ದರು ಅನ್ನೋದೂ ಬರುತ್ತದೆ. ಮಕ್ಕಳು ನೋಡುವ ಸರಣಿಗಳ ವಿಮರ್ಶೆ ಮಾತ್ರ ಬರುವುದಿಲ್ಲ. ಬಂದದ್ದು ಒಂದು ದೂರು. ಓದುಗರ ಪತ್ರದಲ್ಲಿ ಮೇಷ್ಟ್ರೊಬ್ಬರು ಬರೆದಿದ್ದರು: ಜಪಾನಿನ ಮುಖವಾಡದ ಹೀರೋಗಳನ್ನು ಮೊಬೈಲಿನಲ್ಲಿ ನೋಡಿ ಹುಡುಗರು ಹೊಡೆದಾಟ ಕಲಿಯುತ್ತಿದ್ದಾರೆ, ಅದರಲ್ಲೂ ಒಬ್ಬ ಹೀರೋ ಕುರುಕಲು ತಿಂದು ಶಕ್ತಿ ಪಡೆಯುತ್ತಾನಂತೆ, ಇದೆಂಥ ಪಾಠ ಅಂತ. ಸರಣಿಯ ಹೆಸರನ್ನು ಅವರು ಹಾಕಿರಲಿಲ್ಲ. ಕುರುಕಲು ತಿನ್ನುವ ಹೀರೋ ಅಂದಮೇಲೆ ಅದು 'ಕಾಮೆನ್ ರೈಡರ್ ಗವ್' ಅಲ್ಲದೆ ಇನ್ನೊಂದಲ್ಲ. ಕಾಮೆನ್ ರೈಡರ್ ಅಂದರೆ ಮುಖವಾಡದ ಸವಾರ, ಆ ಹೆಸರಿನಲ್ಲಿ 1971ರಿಂದ ಜಪಾನಿನ ಟಿವಿಯಲ್ಲಿ ಬೇರೆಬೇರೆ ಸರಣಿಗಳು ಬಂದಿವೆ, ಗವ್ ಅದರಲ್ಲೊಂದು.

ನಾನು ಕೋಲಾರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟುಕೊಂಡವನು. ನಿಪ್ಪಟ್ಟು, ಕೋಡುಬಳೆ, ಖಾರಾಬೂಂದಿ, ಕಡಲೆಬೀಜದ ಚಿಕ್ಕಿ ನಮ್ಮಲ್ಲೇ ಮಾಡುತ್ತೇವೆ. ಬಾಗಿಲಿಗೆ ಐದು ರೂಪಾಯಿ ಪ್ಯಾಕೆಟ್ಟುಗಳ ಸರ ತೂಗುಹಾಕಿರುತ್ತೇವೆ. ಹಾಗಾಗಿ ಮೇಷ್ಟ್ರ ಬೈಗುಳ ಅರ್ಧ ಜಪಾನಿಗೆ, ಅರ್ಧ ನನಗೆ. ಜಪಾನಿನವರು ಉತ್ತರ ಬರೆಯಲ್ಲ, ನಾನು ಬರೆಯುತ್ತಿದ್ದೇನೆ.

ಈ ಸರಣಿಯನ್ನು ನಾನು ಪೂರ್ತಿ ನೋಡಿದ್ದೇನೆ. ಮಗ ಇಂಗ್ಲಿಷ್ ಸಬ್‌ಟೈಟಲ್ ಇರುವ ಕಂತು ಹಾಕಿಕೊಡುತ್ತಾನೆ, ಅರ್ಥವಾಗದ ಕಡೆ ನಿಲ್ಲಿಸಿ ಹೇಳುತ್ತಾನೆ. ಗವ್ 2024ರ ಸೆಪ್ಟೆಂಬರ್ 1ಕ್ಕೆ ಶುರುವಾಗಿ 2025ರ ಆಗಸ್ಟ್ 31ಕ್ಕೆ ಮುಗಿಯಿತು, ಒಟ್ಟು 50 ಕಂತು. ಜಪಾನಿನಲ್ಲಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ಅಂದರೆ ನಮ್ಮಲ್ಲಿ ಐದೂವರೆ, ನಾವು ಬಾಣಲೆಗೆ ಎಣ್ಣೆ ಹಾಕುವ ಹೊತ್ತು.

ಕಥೆ ಹೀಗಿದೆ. ಗ್ರಾನ್ಯೂಟ್ ಅನ್ನುವವರ ಲೋಕ ಒಂದಿದೆ. ಅವರಿಗೆಲ್ಲ ಹೊಟ್ಟೆಯಲ್ಲೂ ಒಂದು ಬಾಯಿ. ಅಲ್ಲಿ ಸ್ಟೊಮಾಕ್ ಅನ್ನುವ ಮನೆತನದವರು ಒಂದು ತಿಂಡಿ ಕಂಪನಿ ನಡೆಸುತ್ತಾರೆ. ಅವರ ಕತ್ತಲ ತಿಂಡಿಯನ್ನು ಒಂದು ಸಲ ತಿಂದವನು ಬಿಡಲಾರ. ಅದಕ್ಕೆ ಹಾಕುವ ಸಾಮಾನು ಮನುಷ್ಯರು. ಹಿಡಿದ ಮನುಷ್ಯನನ್ನು ಪುಟ್ಟ ಅಚ್ಚಿನ ಹಾಗೆ ಅಮುಕಿ ಕಳಿಸುತ್ತಾರೆ. ಅದೂ ಯಾರನ್ನೋ ಸುಮ್ನೆ ಹಿಡಿಯುವ ಹಾಗಿಲ್ಲ. ಮನುಷ್ಯ ಖುಷಿಯಾಗಿರುವಾಗ ಹಿಡಿದರೆ ತಿಂಡಿಗೆ ರುಚಿ ಜಾಸ್ತಿ. ನಮ್ಮ ಹೀರೋ ಶೋಮಾ, ಅಂದರೆ ಗವ್, ಆ ಮನೆಯ ಕಿರಿಯ ಮಗ. ಅಪ್ಪ ಗ್ರಾನ್ಯೂಟ್, ಅಮ್ಮ ಹಿಡಿದು ತಂದ ಮನುಷ್ಯಳು. ಅವನು ತಪ್ಪಿಸಿಕೊಂಡು ನಮ್ಮ ಲೋಕಕ್ಕೆ ಬರುತ್ತಾನೆ, ಇಲ್ಲಿಯ ತಿಂಡಿ ತಿಂದು ಬೆರಗಾಗುತ್ತಾನೆ. ತಿಂದಾಗ ಹೊಟ್ಟೆಯ ಬಾಯಿಂದ ಗೊಚಿಜೊ ಅನ್ನುವ ಪುಟಾಣಿ ಜೀವಿಗಳು ಹೊರಬರುತ್ತವೆ. ಅವುಗಳಿಂದಲೇ ವೇಷ ಬದಲಾಗೋದು. ಗಮ್ಮಿ ಅನ್ನುವ ಜೆಲ್ಲಿ ಮಿಠಾಯಿ ತಿಂದರೆ ಒಂದು ವೇಷ, ಚಿಪ್ಸ್ ತಿಂದರೆ ಇನ್ನೊಂದು.

ಇಷ್ಟು ಕೇಳಿದರೆ ಮೇಷ್ಟ್ರಿಗೆ ನಗು ಬರಬಹುದು. ನನಗೂ ಮೊದಮೊದಲು ಇದು ಮಕ್ಕಳಾಟ ಅನ್ನಿಸಿತ್ತು. ಆದರೆ ಆ ಕಂಪನಿಯ ಲೆಕ್ಕಾಚಾರ ನೋಡಿ. ಮನುಷ್ಯರನ್ನು ಹಿಡಿಯಲು ಮನೆತನದವರು ತಾವೇ ಬರೋದು ಕಡಿಮೆ. ಬಡ ಗ್ರಾನ್ಯೂಟ್‌ಗಳನ್ನು ಪಾರ್ಟ್‌ಟೈಮ್ ಕೆಲಸಕ್ಕೆ ಇಟ್ಟುಕೊಂಡು, ಮನುಷ್ಯರ ವೇಷ ಹಾಕಿ ಕಳಿಸುತ್ತಾರೆ. ಹಿಡಿದು ತಂದರೆ ಕೂಲಿ. ಕೂಲಿ ಏನು? ಅದೇ ಕತ್ತಲ ತಿಂಡಿ!

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ಮುಂಚೆ ನಮ್ಮ ಅಂಗಡಿ ಎದುರಿಗೇ ನೋಡಿದ್ದೇನೆ. ಶನಿವಾರ ಸಂಜೆ ಕಲ್ಲು ಕೆಲಸದವರು ಬಟವಾಡೆಗೆ ನಿಲ್ಲುತ್ತಿದ್ದರು. ಮೇಸ್ತ್ರಿ ನೋಟು ಎಣಿಸುವ ಮುಂಚೆ ಪ್ಯಾಕೆಟ್ ಲೆಕ್ಕ ಹೇಳುತ್ತಿದ್ದ. ವಾರವೆಲ್ಲ ಸಾಲಕ್ಕೆ ಕುಡಿದದ್ದು ಕಳೆದು ಉಳಿದದ್ದು ಕೈಗೆ. ಆ ಉಳಿದದ್ದರಲ್ಲೇ ಅವರು ಮಕ್ಕಳಿಗೆ ಅಂತ ನಮ್ಮಲ್ಲಿ ಕಾಲು ಕೇಜಿ ಖಾರಾಬೂಂದಿ ಕಟ್ಟಿಸಿಕೊಳ್ಳುತ್ತಿದ್ದರು. ಕೆಲವು ವಾರ ಅದಕ್ಕೂ ದುಡ್ಡು ಸಾಲುತ್ತಿರಲಿಲ್ಲ, 'ಬರ್ಕೊಳಣ್ಣ' ಅನ್ನುತ್ತಿದ್ದರು. ಕುಡಿತದ ಬಗ್ಗೆ ನಮ್ಮಲ್ಲಿ ನಾಟಕ, ಭಾಷಣ ಬೇಕಾದಷ್ಟು ಬಂದಿವೆ. ಎಲ್ಲವೂ ಕುಡಿಯುವವನಿಗೇ ಬುದ್ಧಿ ಹೇಳೋದು. ಮೇಸ್ತ್ರಿಯ ಪುಸ್ತಕದ ಕಡೆ ಬೆರಳು ತೋರಿಸಿದ್ದು ಕಡಿಮೆ. ಈ ಮಕ್ಕಳ ಸರಣಿ ತೋರಿಸುತ್ತದೆ.

ಅದಕ್ಕೇ ಶೋಮಾ ಹೊಡೆಯುವ ಮುಂಚೆ ಒಂದು ಮಾತು ಕೇಳುತ್ತಾನೆ. ಇನ್ನು ಮುಂದೆ ಕತ್ತಲ ತಿಂಡಿಯ ಸಹವಾಸ ಬಿಡ್ತೀಯಾ, ಇಲ್ಲ ಇಲ್ಲೇ ನನ್ನ ಕೈಲಿ ಸೋಲ್ತೀಯಾ, ಆರಿಸಿಕೋ ಅಂತ. ಇದು ಅವನು ಮತ್ತೆ ಮತ್ತೆ ಹೇಳುವ ಮಾತು. ಬಹಳ ಜನ ಬಿಡಲ್ಲ, ಏಟು ತಿನ್ನುತ್ತಾರೆ, ಅದು ಬೇರೆ. ಎದುರಾಳಿಗೆ ಬಿಡೋಕೆ ಒಂದು ಅವಕಾಶ ಕೊಡುವ ಹೀರೋ ನಮ್ಮ ದೊಡ್ಡವರ ಸಿನಿಮಾದಲ್ಲಿ ಎಷ್ಟು ಜನ ಇದ್ದಾರೆ ಅಂತ ಮೇಷ್ಟ್ರೇ ಲೆಕ್ಕ ಹಾಕಲಿ.

ತಿಂಡಿಯನ್ನು ಈ ಸರಣಿ ಬೈಯುವುದಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು. ಚಿಪ್ಸ್ ವೇಷ ಹಾಕಿದಾಗ ಅವನ ಕತ್ತಿಯೂ ಚಿಪ್ಸಿನದೇ. ಚೆನ್ನಾಗಿ ಕೊಯ್ಯುತ್ತದೆ, ಅಷ್ಟೇ ಬೇಗ ಪುಡಿಯಾಗುತ್ತದೆ. ಆ ಸದ್ದು ಮಾಡಿದವನಿಗೆ ನಾನು ಕೈಮುಗಿಯುತ್ತೇನೆ. ನಿಪ್ಪಟ್ಟು ಸರಿಯಾಗಿ ಬೆಂದಿದೆಯೋ ಇಲ್ಲವೋ ಅಂತ ನಾವು ಬಾಯಿಗೆ ಹಾಕಿ ನೋಡೋದಿಲ್ಲ. ತುದಿ ಹಿಡಿದು ಕಿವಿ ಹತ್ತಿರ ಮುರಿಯುತ್ತೇವೆ. ಒಂದೇ ಸಲಕ್ಕೆ 'ಟಕ್' ಅಂದರೆ ಆಯಿತು. ಎಳೆದಂತೆ ಮುರಿದರೆ ನಡುವೆ ಹಸಿ ಉಳಿದಿದೆ, ಇಲ್ಲ ಎಣ್ಣೆ ಕಾದಿರಲಿಲ್ಲ. ಅವನ ಕತ್ತಿ ಮುರಿಯುವಾಗ ಆ 'ಟಕ್' ಇದೆ. ಗಮ್ಮಿ ವೇಷದಲ್ಲಿ ಏಟು ಬಿದ್ದರೆ ಕವಚ ಉಬ್ಬಿ ಕಿತ್ತುಬರುತ್ತದೆ. ಕೇಕ್ ವೇಷದಲ್ಲಿ ಕ್ರೀಮಿನ ಸಿಪಾಯಿಗಳೇ ಹುಟ್ಟುತ್ತಾರೆ. ಯಾರೋ ತಿಂಡಿಯನ್ನು ಕೈಯಲ್ಲಿ ಹಿಡಿದು, ಹಿಸುಕಿ, ಮುರಿದು ನೋಡಿಯೇ ಇದನ್ನೆಲ್ಲ ಯೋಚಿಸಿದ್ದಾರೆ.

ಮೂರು ಜನ ರೈಡರ್‌ಗಳಲ್ಲಿ ನನಗೆ ಹಿಡಿಸಿದವನು ಹಾಂಟೊ. ಪತ್ರಿಕೆಗೆ ಲೇಖನ ಬರೆದು ಬದುಕುವವನು, ನಿಮ್ಮ ಕಡೆಯವನೇ ಅನ್ನಿ. ತಾಯಿಯನ್ನು ಗ್ರಾನ್ಯೂಟ್‌ಗಳು ಎತ್ತಿಕೊಂಡು ಹೋದರು ಅನ್ನುವ ಸಿಟ್ಟಿಗೆ ತನ್ನ ಮೈಯನ್ನೇ ಕೊಯ್ಯಿಸಿಕೊಂಡು ಚಾಕೊಲೇಟ್ ಬಂದೂಕಿನ ವ್ಯಾಲೆನ್ ಅನ್ನುವ ರೈಡರ್ ಆಗುತ್ತಾನೆ. ಪಕ್ಕದಲ್ಲಿ ಹೋರಾಡುವ ಶೋಮಾನೂ ಅರ್ಧ ಗ್ರಾನ್ಯೂಟ್ ಅಂತ ತಿಳಿದಾಗ ಅವನಿಗೆ ಬರುವ ಕೋಪ ಸುಳ್ಳು ಅನ್ನಿಸಲ್ಲ. ಮೂರನೆಯವನು ಪುಡ್ಡಿಂಗ್ ವೇಷದ ರಾಕಿಯಾ, ಆ ಲೋಕದವನೇ. ಕಂಪನಿಯಿಂದಾಗಿ ತಮ್ಮನನ್ನು ಕಳೆದುಕೊಂಡು ಸೇಡಿಗೆ ಬಂದವನು. ಇವರ ನಡುವೆ ಸಾಚಿಕಾ ಅನ್ನುವ ಹುಡುಗಿ ಏನು ಕೆಲಸ ಕೊಟ್ಟರೂ ಮಾಡಿಕೊಡುವ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಎಲ್ಲರಿಗೂ ತಿಂಡಿ ಹಂಚುತ್ತಿರುತ್ತಾಳೆ. ಅವಳಿಗೆ ಇನ್ನೂ ಜಾಸ್ತಿ ಕೆಲಸ ಕೊಡಬೇಕಿತ್ತು. ಕಥೆ ಬರೆದದ್ದು ಜುಂಕೊ ಕೊಮುರಾ ಅನ್ನುವ ಹೆಣ್ಣುಮಗಳು, ಅವರಾದರೂ ನೋಡಿಕೊಳ್ಳಬಹುದಿತ್ತು.

ಕೊನೆಯ ಭಾಗದ ಬಗ್ಗೆ ನನ್ನ ತಕರಾರಿದೆ. ಅಲ್ಲಿಯವರೆಗೆ ವಿಲನ್‌ಗಳು ಒಂದು ಮನೆಯವರು. ಹಿರಿಯ ಲಾಂಗೊ ಧಣಿಯಂತೆ ಕೂತು ಮಾಲು ಬಂತಾ, ಎಷ್ಟು ಬಂತು ಅನ್ನೋದರಲ್ಲೇ ಇರುತ್ತಾನೆ. ತಿಂಗಳ ಕೊನೆಗೆ ನಮ್ಮಂಗಡಿಗೆ ಬರುವ ಸೇಲ್ಸ್‌ಮನ್ನಿನ ಮೇಲಿನ ಸಾಹೇಬರ ಮುಖ ನೆನಪಾಗುತ್ತದೆ. ಅವಳಿ ಜವಳಿ ಜೀಪ್ ಮತ್ತು ಶೀಟಾ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಶೀಟಾ ಸತ್ತ ಮೇಲೆ ಜೀಪ್ ಒಬ್ಬನೇ ನಿಲ್ಲುವ ಕಂತುಗಳಲ್ಲಿ ವಿಲನ್ ಅಂತ ಗೊತ್ತಿದ್ದೂ ಅಯ್ಯೋ ಪಾಪ ಅನ್ನಿಸಿತು. ಆಮೇಲೆ ಆ ಲೋಕದ ಅಧ್ಯಕ್ಷ ಬೊಕ್ಕಾ ಜಲ್ಡಾಕ್ ಮತ್ತು ಅವನ ಮಗಳು ಲಿಜೆಲ್ ಬರುತ್ತಾರೆ, ಮಗಳು ಜೀಪ್‌ನನ್ನು ಮದುವೆಯಾಗುತ್ತಾಳೆ, ವ್ಯಾಪಾರ ರಾಜಕೀಯದವರ ಕೈಗೆ ಹೋಗುತ್ತದೆ. ಐಡಿಯಾ ಒಳ್ಳೆಯದೇ, ನಮಗೇನು ಹೊಸದಲ್ಲ. ಆದರೆ ಈ ಅಧ್ಯಕ್ಷ ತಡವಾಗಿ ಬಂದವನು. ಅಣ್ಣತಮ್ಮಂದಿರ ಮೇಲೆ ಬಂದ ಸಿಟ್ಟು ಇವನ ಮೇಲೆ ಬರಲಿಲ್ಲ. ಲಾಂಗೊಗೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಇನ್ನೊಂದು ತಕರಾರು ನನ್ನದಲ್ಲ, ನಮ್ಮ ಗಿರಾಕಿಗಳದ್ದು. ನರಸಾಪುರದ ಹೋಂಡಾ ಫ್ಯಾಕ್ಟರಿಗೆ ಹೋಗುವ ಹುಡುಗರು ಕೆಲವರು ನಮ್ಮಲ್ಲಿ ನಿಂತು ಮಗನ ಮೊಬೈಲಿನಲ್ಲಿ ಇಣುಕುತ್ತಾರೆ. 'ರೈಡರ್ ಅಂತೀರಾ, ಬೈಕ್ ಎಲ್ಲಣ್ಣ?' ಅಂತ ಕೇಳುತ್ತಾರೆ. ನಿಜವೇ. ಕಾಮೆನ್ ರೈಡರ್ ಸರಣಿಗಳಿಗೆ ಬಹಳ ವರ್ಷಗಳಿಂದ ಹೋಂಡಾ ಬೈಕುಗಳನ್ನೇ ಬಳಸುತ್ತಾ ಬಂದಿದ್ದಾರೆ. ಆದರೆ ಈಚಿನ ರೈಡರ್‌ಗಳು ಬೈಕ್ ಹತ್ತುವುದು ಹಬ್ಬಹುಣ್ಣಿಮೆಗೆ. 1971ರ ಮೊದಲ ಸರಣಿಯಲ್ಲಿ ಹೀರೋ ಬೈಕಿನ ಮೇಲೆ ಹೋಗುವಾಗ ಬೀಸುವ ಗಾಳಿಯಿಂದಲೇ ವೇಷ ಬದಲಾಗುತ್ತಿತ್ತು. ಆ ಪಾತ್ರದ ಹಿರೋಶಿ ಫುಜಿಯೋಕಾ ಶೂಟಿಂಗಿನಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಅವರ ಜಾಗಕ್ಕೆ ಎರಡನೇ ರೈಡರ್ ಆಗಿ ತಕೇಶಿ ಸಸಾಕಿ ಬಂದರು, ಅವರಿಗೆ ಬೈಕ್ ಲೈಸೆನ್ಸೇ ಇರಲಿಲ್ಲ. ಅದಕ್ಕೇ ನಿಂತಲ್ಲೇ ಕೈ ಬೀಸಿ ವೇಷ ಬದಲಿಸುವ ಭಂಗಿ ಹುಟ್ಟಿತು ಅಂತಾರೆ. ಇವತ್ತು ಶಾಲೆ ಬಿಟ್ಟ ಮೇಲೆ ನಮ್ಮ ಅಂಗಡಿ ಮುಂದೆ ಹುಡುಗರು ಕೈ ಬೀಸುವುದು ಆ ಮುರಿದ ಕಾಲಿನ ಕೃಪೆ. ಮೇಷ್ಟ್ರು ಅದನ್ನೇ ಹೊಡೆದಾಟ ಅಂದುಕೊಂಡರೋ ಏನೋ.

ಮಕ್ಕಳಿಗೆ ತಿಂಡಿ ಚಟ ಹಿಡಿಸುವ ಮಾತು ಬಂತಲ್ಲ, ಅದರ ಹಳೇ ಕಥೆಯೂ ಈ ಸರಣಿಯ ಮನೆಯೊಳಗೇ ಇದೆ. 1971ರಲ್ಲೇ ಜಪಾನಿನ ಕ್ಯಾಲ್ಬಿ ಕಂಪನಿ ಕಾಮೆನ್ ರೈಡರ್ ಹೆಸರಿನ ಒಂದು ತಿಂಡಿ ಬಿಟ್ಟಿತು. ಪ್ಯಾಕೆಟ್ಟಿಗೆ ಒಂದು ಚಿತ್ರದ ಕಾರ್ಡ್ ಉಚಿತ. ಹುಡುಗರು ಕಾರ್ಡ್ ಇಟ್ಟುಕೊಂಡು ತಿಂಡಿಯನ್ನು ರಸ್ತೆಗೆ ಎಸೆದರು. ಅದು ಅಲ್ಲಿ ದೊಡ್ಡ ಸುದ್ದಿಯಾಗಿ, ಅಪ್ಪಅಮ್ಮಂದಿರು ಗಲಾಟೆ ಮಾಡಿದರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಚಿಪ್ಸ್ ಪ್ಯಾಕೆಟ್ ಒಳಗೆ ಪ್ಲಾಸ್ಟಿಕ್ ಬಿಲ್ಲೆ ಬರುತ್ತಿತ್ತಲ್ಲ, ಆಗ ನಮ್ಮ ಅಂಗಡಿ ಮುಂದೆ ನಾನೇ ಚಿಪ್ಸ್ ಗುಡಿಸಿದ್ದೇನೆ. ಬಿಲ್ಲೆ ಇಲ್ಲದ ಪ್ಯಾಕೆಟ್ ಬಂದರೆ ಹುಡುಗರು ವಾಪಸ್ ತಂದು ಜಗಳ ಮಾಡುತ್ತಿದ್ದರು. ತಿಂಡಿ ತೋರಿಸಿ ಆಟಿಕೆ ಮಾರೋದು, ಆಟಿಕೆ ತೋರಿಸಿ ತಿಂಡಿ ಮಾರೋದು ಎರಡೂ ವ್ಯಾಪಾರವೇ. ಗವ್‌ನಲ್ಲೂ ಗೊಚಿಜೊಗಳು ಇಷ್ಟೊಂದು ಬಗೆ ಯಾಕೆ ಅಂದರೆ ಅವು ಆಟಿಕೆಯಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಮೇಷ್ಟ್ರು ಬೈಯುವುದಾದರೆ ಅಲ್ಲಿ ಬೈಯಲಿ, ನಾನೂ ದನಿಗೂಡಿಸುತ್ತೇನೆ.

ಜಪಾನಿನ ಹೀರೋಗಳು ನಮ್ಮ ಕಡೆಗೆ ಈಗ ಬಂದವರೂ ಅಲ್ಲ. ದೂರದರ್ಶನದಲ್ಲಿ 'ಜಯಂಟ್ ರೋಬೋಟ್' ಬರುತ್ತಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಟಿವಿ. ಕೈಗಡಿಯಾರದಲ್ಲಿ ಮಾತಾಡಿ ರೋಬೋಟನ್ನು ಕರೆಯುವ ಹುಡುಗನನ್ನು ನೋಡಿ ನಾವೂ ಬರಿಗೈ ಮಣಿಕಟ್ಟಿಗೆ ಮಾತಾಡಿದವರೇ. ಮೇಷ್ಟ್ರ ವಯಸ್ಸೂ ನನ್ನಷ್ಟೇ ಇದ್ದರೆ ಅವರೂ ಮಾತಾಡಿರುತ್ತಾರೆ. ಆಗ ಯಾರೂ ನಮಗೆ ಕನ್ನಡದಲ್ಲಿ ಹೇಳಲಿಲ್ಲ, ಈಗಿನ ಮಕ್ಕಳಿಗೂ ಹೇಳುತ್ತಿಲ್ಲ. ಕನ್ನಡದಲ್ಲಿ ಮಕ್ಕಳಿಗೇ ಅಂತ 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು, ನಮ್ಮ ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಮುಖವಾಡ ಹಾಕಿದವನಿಗೆ ಕನ್ನಡ ಮಾತಾಡಿಸೋದು ಇನ್ನೂ ಸುಲಭ, ತುಟಿಯೇ ಕಾಣಲ್ಲವಲ್ಲ.

ಆದ್ದರಿಂದ ಸಂಪಾದಕರೇ, ಪುರವಣಿಯಲ್ಲಿ ತಿಂಗಳಿಗೆ ಒಂದು ಸಲವಾದರೂ ಅರ್ಧ ಪುಟ ಮಕ್ಕಳ ಸರಣಿಗಳಿಗೆ ಕೊಡಿ. ಬರೆಯುವವರು ಕಂತುಗಳನ್ನು ಕೂತು ನೋಡಿದವರಾಗಿರಲಿ. ಯಾವ ವಯಸ್ಸಿಗೆ ಸರಿ, ಎಲ್ಲಿ ಹೆದರಿಕೆಯಾಗುತ್ತದೆ ಅನ್ನೋದನ್ನು ಬಿಡಿಸಿ ಹೇಳಲಿ. ಗವ್‌ನಲ್ಲಿ ಸಾವು ಇದೆ, ಒಮ್ಮೆ ತಿಂಡಿಯಾಗಿ ಹೋದವರು ವಾಪಸ್ ಬರುವುದಿಲ್ಲ. ಹಾಗಾಗಿ ತೀರಾ ಚಿಕ್ಕವರನ್ನು ಒಬ್ಬರೇ ಕೂರಿಸಬೇಡಿ ಅಂತ ನಾನೇ ಹೇಳುತ್ತೇನೆ. ಇಂಥ ಮಾತು ಅಪ್ಪಅಮ್ಮಂದಿರಿಗೆ ಪತ್ರಿಕೆಯಿಂದ ಸಿಗಬೇಕು ಅಲ್ವಾ?

ಗವ್ ಮುಗಿದ ಮೇಲೆ 2025ರ ಸೆಪ್ಟೆಂಬರ್ 7ರಿಂದ 'ಕಾಮೆನ್ ರೈಡರ್ ಜೆಟ್ಸ್' ಶುರುವಾಯಿತು. ಜನರ ಕನಸಿನೊಳಗೆ ಹೋಗಿ ಕೆಟ್ಟ ಕನಸುಗಳ ಜೊತೆ ಹೋರಾಡುವ ಗೂಢಚಾರನ ಕಥೆ. ಇದನ್ನು ಹೊರದೇಶದವರಿಗೂ ಜಪಾನಿನ ಜೊತೆಜೊತೆಗೇ ಬಿಟ್ಟರು. ಶುರುವಿನ ಕಂತುಗಳಲ್ಲಿ ಓಟ ಜಾಸ್ತಿ, ಕಥೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಅದರ ಬಗ್ಗೆ ನಿಮ್ಮವರು ಯಾರಾದರೂ ಬರೆದರೆ ಸರಿ, ಇಲ್ಲದಿದ್ದರೆ ನನ್ನ ಇನ್ನೊಂದು ಪತ್ರ ಬರುತ್ತದೆ.

ಇಂತಿ ನಿಮ್ಮ ಓದುಗ,
ಕಾಂಡಿಮೆಂಟ್ಸ್ ಅಂಗಡಿಯವನು, ಕೋಲಾರ