ಚಕ್ಕಿನಲ್ಲಿ ಸಿಕ್ಕ ಜಾಬ್

ಪ್ರಿಯ ತಮ್ಮಾ,

ನಿನ್ನ 64 ಸಾಲಿನ ರ‍್ಯಾಪ್ ಪದ್ಯ ಬಂದು ತಲುಪಿತು. 'ಮೊದಲು ಈ ಆಲ್ಬಂ ಕೇಳಿ, ಆಮೇಲೆ ನನ್ನದು ಓದಿ' ಅಂತ ಬರೆದಿದ್ದೆ. ಹಾಗೇ ಮಾಡಿದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಬರುವಾಗ ಬಸ್ಸಿನಲ್ಲಿ ಕೂತು, ಅಮೆರಿಕದ ರ‍್ಯಾಪರ್ ಈಸೋಪ್ ರಾಕ್‌ನ 'ಲೇಬರ್ ಡೇಸ್' ಕಿವಿಗೆ ಹಾಕಿಕೊಂಡೆ. ಕಡೂರು ದಾಟಿದರೂ ಒಂದಕ್ಷರ ತಲೆಗೆ ಹೋಗಲಿಲ್ಲ. ಆ ದಪ್ಪ ದನಿ, ಉಸಿರಿಗೂ ಜಾಗ ಬಿಡದ ಮಾತು. ಅರಸೀಕೆರೆಯಲ್ಲಿ ಕಾಫಿ ಕುಡಿದು ಮತ್ತೆ ಮೊದಲಿನಿಂದ ಹಾಕಿದೆ. ಮೂರು ದಿನ ಬಿಟ್ಟು ಸಾಲುಗಳನ್ನು ಮುಂದಿಟ್ಟುಕೊಂಡು ಓದುತ್ತಾ ಕೇಳಿದೆ. ಈಗ ನಿನ್ನ ಮೇಲೆ ಸ್ವಲ್ಪ ಸಿಟ್ಟಿದೆ. ಇಂಥದ್ದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ನಿನ್ನ ಕಾಗದದಲ್ಲಿ ಒಂದು ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದೀಯ: 7,392. 2014ರಲ್ಲಿ ಒಬ್ಬರು ರ‍್ಯಾಪರ್‌ಗಳ ಮೊದಲ 35,000 ಪದಗಳನ್ನು ತೆಗೆದುಕೊಂಡು, ಅದರಲ್ಲಿ ಬೇರೆ ಬೇರೆ ಪದ ಎಷ್ಟು ಅಂತ ಎಣಿಸಿದರು. ಆ 7,392 ಈಸೋಪ್ ರಾಕ್‌ನದು, ಎಲ್ಲರಿಗಿಂತ ಮೇಲೆ. ಅದೇ ಲೆಕ್ಕದಲ್ಲಿ ಶೇಕ್ಸ್‌ಪಿಯರ್ 5,170. ಅಂಕಿ ಸರಿ. ಆದರೆ ಎಣಿಸಿದ ರೀತಿ ನೋಡು. ಒಂದೇ ಪದದ ಏಕವಚನ ಒಂದು, ಬಹುವಚನ ಇನ್ನೊಂದು, ಬಾಯಿಮಾತಲ್ಲಿ ತುಂಡರಿಸಿದ್ದು ಮತ್ತೊಂದು. ಈ ಲೆಕ್ಕವನ್ನು ಕನ್ನಡಕ್ಕೆ ತಂದರೆ ಏನಾಗುತ್ತೆ? ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು. ಆಗಲೇ ಐದಾಯಿತು! ನಮ್ಮ ಬೀದಿಯ ಹೂವಿನಜ್ಜಿಯೂ ಶೇಕ್ಸ್‌ಪಿಯರ್‌ನನ್ನು ಸೋಲಿಸಿಯಾಳು.

ನೀನು ಆ ಅಂಕಿ ಹಿಡಿದುಕೊಂಡು ಕಿಟೆಲ್ ನಿಘಂಟಿಗೆ ಇಳಿದಿದ್ದೀಯ. ನಿನ್ನ 64 ಸಾಲಿನಲ್ಲಿ ನನಗೆ ಗೊತ್ತಿಲ್ಲದ ಪದ 22. ನಿನಗೆ ಗೊತ್ತಿರೋದು ಎಷ್ಟು? ಸುಮ್ನೆ ಕೇಳಿದೆ. ನಗುವ ಹಕ್ಕು ನನಗಿಲ್ಲ. ನನ್ನ ಮೊದಲ ಸಂಕಲನದಲ್ಲಿ 'ತಮಿಸ್ರ' ಅನ್ನುವ ಪದ ಒಂಬತ್ತು ಸಲ ಬಂದಿತ್ತು. ಕತ್ತಲೆ ಅಂದರೆ ಸಾಕಿತ್ತು. ಅಮ್ಮ ಓದಿ, 'ಈ ತಮಿಸ್ರ ಯಾರು, ಉತ್ತರದ ಕಡೆಯವರಾ?' ಅಂತ ಕೇಳಿದ್ದಳು.

ಈಸೋಪ್ ರಾಕ್‌ನ ಪದಗಳು ಎಲ್ಲಿಂದ ಬಂದವು ಅಂತ ಯೋಚಿಸು. ಇಯಾನ್ ಬಾವಿಟ್ಜ್ ಅವನ ಹುಟ್ಟು ಹೆಸರು, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನವನು. ಬಾಸ್ಟನ್ನಿನಲ್ಲಿ ಚಿತ್ರಕಲೆ ಕಲಿತವನು. ಅದು ಸಾಲುಗಳಲ್ಲೇ ಕಾಣುತ್ತೆ. ಅವನು ವಾದ ಮಾಡೋದು ಕಡಿಮೆ, ಒಂದರ ಪಕ್ಕ ಒಂದು ಚಿತ್ರ ಇಡುತ್ತಾ ಹೋಗುತ್ತಾನೆ. ಆ ಆಲ್ಬಂ ಬಂದಿದ್ದು 2001ರ ಸೆಪ್ಟೆಂಬರ್ 18ಕ್ಕೆ. ಅವಳಿ ಗೋಪುರ ಬಿದ್ದು ಒಂದು ವಾರ ಆಗಿತ್ತಷ್ಟೇ. 'ಡೆಫಿನಿಟಿವ್ ಜಕ್ಸ್' ಅನ್ನುವ ನ್ಯೂಯಾರ್ಕಿನ ಚಿಕ್ಕ ಕಂಪನಿ ತಂದಿದ್ದು. ಬಹಳಷ್ಟು ಬೀಟ್, ಅಂದರೆ ಮಾತಿನ ಹಿಂದಿನ ಸಂಗೀತ, ಬ್ಲಾಕ್‌ಹೆಡ್ ಅನ್ನುವ ನಿರ್ಮಾಪಕನದು. ಅಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ 'ಲೇಬರ್ ಡೇ', ಕಾರ್ಮಿಕರಿಗೆ ರಜೆ. ಇವನು ಅದಕ್ಕೆ ಬಹುವಚನ ಹಚ್ಚಿದ. ರಜೆಯ ಹೆಸರು ಹೋಗಿ ದುಡಿಮೆಯ ದಿನಗಳಾದವು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬೇರೆಯವರಿಗಾಗಿ ದುಡಿದು, ಉಳಿದ ಹೊತ್ತಲ್ಲಿ ತನ್ನ ಕೆಲಸ ಮಾಡಿಕೊಳ್ಳುವವರ ಸುಸ್ತು ಆ ಆಲ್ಬಮ್ಮಿನ ತುಂಬಾ ಇದೆ. ಸಾಲು ಎಷ್ಟೇ ಇಡುಕಿರಿದರೂ ಕಾಲು ಊರಲು ಆ ನೆಲ ಸಿಗುತ್ತೆ. ನಿನ್ನ 64 ಸಾಲಿನಲ್ಲಿ ನನಗೆ ಸಿಗದೇ ಹೋಗಿದ್ದು ಅದೇ.

ಐದನೇ ಹಾಡು ಇನ್ನೊಮ್ಮೆ ಕೇಳು, 'ನೋ ರಿಗ್ರೆಟ್ಸ್'. ಲೂಸಿ ಅಂತ ಒಬ್ಬ ಹುಡುಗಿ. ಏಳು ವರ್ಷದವಳಿದ್ದಾಗ ಹಳದಿ ಸೀಮೆಸುಣ್ಣದಲ್ಲಿ ಬೀದಿಯ ಮೇಲೆ ಚಿತ್ರ ಬಿಡಿಸುತ್ತಾಳೆ. ಮೂವತ್ತೇಳಕ್ಕೂ ಅದೇ ಕೆಲಸ, ಎಂಬತ್ತೇಳಕ್ಕೂ ಅದೇ. ಮಾತು ಕಡಿಮೆ. ಕೊನೆಗೆ ಸಾಯುವ ಹಾಸಿಗೆಯಲ್ಲಿ ನಾಲ್ಕು ಮಾತಾಡುತ್ತಾಳೆ, ಮುಗಿಯಿತು. ಅಜ್ಜಿ ಹೇಳುವ ಕಥೆಯಷ್ಟು ಸರಳ. ಅಷ್ಟೆಲ್ಲಾ ಪದ ಗೊತ್ತಿರುವವನು ಇಲ್ಲಿ ಕೈ ಬಿಗಿ ಹಿಡಿದ, ನೋಡು. ಸುತ್ತ ದಟ್ಟ ಕಾಡಿರುವಾಗ ಮಧ್ಯೆ ಈ ಬಯಲು ಸಿಕ್ಕಿದ್ದಕ್ಕೇ ನಾನು ಮತ್ತೆ ಕಾಡಿಗೆ ಹೋಗುವ ಧೈರ್ಯ ಮಾಡಿದೆ. ನಿನ್ನ 64 ಸಾಲಿನಲ್ಲಿ ಬಯಲು ಎಲ್ಲಿದೆ? ಎಂಟು ಸಾಲು ಸಾಕು.

ಇನ್ನೊಂದು ವಿಷಯ, 'ಡೇಲೈಟ್' ಅವನಿಗೆ ಹೆಸರು ತಂದ ಹಾಡು. ಮರುವರ್ಷ ಅದನ್ನೇ ಮಗುಚಿ ಹಾಕಿ 'ನೈಟ್‌ಲೈಟ್' ಅಂತ ಮಾಡಿದ. ಹಗಲಿನ ಸಾಲುಗಳೇ ಕತ್ತಲಿಗೆ ತಿರುಗಿದವು. ಜನ ಮೆಚ್ಚಿದ್ದನ್ನು ಹಾಗೆ ಬಿಚ್ಚಿ ಮತ್ತೆ ಹೊಲಿಯುವ ಎದೆಗಾರಿಕೆ ನನಗೆ ಯಾವತ್ತೂ ಬರಲಿಲ್ಲ.

ಈಗ ಪ್ರಾಸ. ನಿನ್ನ ಸಾಲುಗಳೆಲ್ಲ 'ಅಲ್ಲಿ', 'ಇಂದ', 'ತ್ತಾನೆ' ಅಂತ ಮುಗಿಯುತ್ತವೆ. ಕೇಳಲು ಪ್ರಾಸದ ಹಾಗೇ ಇದೆ, ಆದರೆ ಅದು ಪುಕ್ಕಟೆ ಸಿಕ್ಕಿದ್ದು. ಪ್ರತ್ಯಯ ಒಂದೇ ಆದರೆ ಕನ್ನಡದಲ್ಲಿ ಕೊನೆ ತಾನಾಗಿ ಕೂಡಿಕೊಳ್ಳುತ್ತೆ. ಅದಕ್ಕೇ ಇರಬೇಕು, ನಮ್ಮ ಹಳಬರು ಪ್ರಾಸವನ್ನು ಸಾಲಿನ ಆರಂಭದಲ್ಲಿ, ಎರಡನೇ ಅಕ್ಷರಕ್ಕೆ ಕಟ್ಟಿದರು. ಅದು ಬರಬರುತ್ತಾ ಸಂಕೋಲೆಯಾಯಿತು, ಗೋವಿಂದ ಪೈಗಳು ಬಿಡಿಸಿಕೊಂಡರು. ಒಳ್ಳೆಯದೇ ಆಯಿತು. ಆದರೆ ರ‍್ಯಾಪ್ ಬರೆಯುವವನಿಗೆ ಆ ಹಳೆಯ ಕಬ್ಬಿಣ ಇನ್ನೂ ಬಳಕೆಗೆ ಬರುತ್ತೆ ಅಂತ ನನ್ನ ಗುಮಾನಿ. ಈಸೋಪ್ ರಾಕ್ ಸಾಲಿನ ಕೊನೆಗೆ ಕಾಯುವುದಿಲ್ಲ. ನಡುವೆಯೇ ಒಂದು ಸ್ವರ ಹಿಡಿದು ನಾಲ್ಕೈದು ಪದಗಳಿಗೆ ಪೋಣಿಸುತ್ತಾನೆ. ನಮಗೆ ಆ ದಾರ ಎರಡನೇ ಅಕ್ಷರದಲ್ಲಿ ಸಿಗಬಹುದು.

ನಿಮ್ಮಪ್ಪ ಪೀಣ್ಯದಲ್ಲಿ ಲೇತ್ ನಡೆಸುತ್ತಾರೆ ಅಂತ ಒಮ್ಮೆ ಹೇಳಿದ್ದೆ, ಅಲ್ವಾ? ನನ್ನ ಭಾವನೂ ಅಲ್ಲೇ ಇದ್ದವರು. ಅವರ ಬಾಯಲ್ಲಿ ಕೇಳಿದ ಮಾತು: 'ಜಾಬ್ ಚಕ್ಕಿನಲ್ಲಿದೆ.' ಲೇತ್ ಯಂತ್ರದಲ್ಲಿ ಕಡೆಯಬೇಕಾದ ಲೋಹದ ತುಂಡಿಗೆ ಅವರು ಜಾಬ್ ಅನ್ನುತ್ತಾರೆ. ಅದನ್ನು ಕಚ್ಚಿ ಹಿಡಿದು ತಿರುಗಿಸುವುದು ಚಕ್. ಒಂದು ಸಂಜೆ ಮನೆಗೆ ಬಂದವರೇ 'ಜಾಬ್ ಹೋಯ್ತು' ಅಂದರು. ಅಕ್ಕ ಅಳಲು ಶುರು ಮಾಡಿದಳು. ಹಾಳಾಗಿದ್ದು ತುಂಡು, ಕೆಲಸ ಹೋಗಿರಲಿಲ್ಲ. ಎರಡು ವರ್ಷ ಬಿಟ್ಟು ಅದೇ ಮಾತು ಹೇಳಿದಾಗ ನಿಜವಾಗಿಯೂ ಕೆಲಸ ಹೋಗಿತ್ತು. ಆ ಸಲ ಯಾರೂ ಅಳಲಿಲ್ಲ, ತುಂಡು ಅಂದುಕೊಂಡೆವು.

ಈಗ ಎರಡನೇ ಅಕ್ಷರ ಗಮನಿಸು. ಚಕ್ಕು, ಉಕ್ಕು, ತುಕ್ಕು, ಹಕ್ಕು, ಸಿಕ್ಕು, ಬಿಕ್ಕು. ನಾಲ್ಕು ಶೆಡ್ಡಿನಲ್ಲೇ ಬಿದ್ದಿವೆ, ಎರಡು ಮನೆಗೆ ಬರುತ್ತವೆ. ಒಂದಕ್ಕೂ ಕಿಟೆಲ್ ತೆಗೆಯಬೇಕಿಲ್ಲ. ಉಕ್ಕು ಅಂದರೆ ಲೋಹವೂ ಹೌದು, ಹಾಲು ಉಕ್ಕುವುದೂ ಹೌದು. ನೀನು ಹುಡುಕುತ್ತಿದ್ದ ದಟ್ಟತನ ಊಟದ ಡಬ್ಬಿಯ ಜೊತೆ ದಿನಾ ನಿಮ್ಮ ಮನೆಗೆ ಬರುತ್ತಿದೆ, ಮಾರಾಯ.

ನಿಘಂಟು ಮಾರಿಬಿಡು ಅನ್ನುತ್ತಿಲ್ಲ. ಒಂದು ಹಾಡಿಗೆ ಒಂದು ಅಪರೂಪದ ಪದ ಇರಲಿ, ಚೆನ್ನಾಗಿರುತ್ತೆ. ಕೇಳುವವನು ಅದನ್ನು ಹುಡುಕಿಕೊಂಡು ಹೋಗಲಿ. 22 ಇದ್ದರೆ ಅವನು ಎದ್ದೇ ಹೋಗುತ್ತಾನೆ. ಮೊದಲ ಸಲಕ್ಕೆ ಎಲ್ಲ ಅರ್ಥವಾಗಬೇಕು ಅಂತಲೂ ಇಲ್ಲ, ನನಗೇ ಕಡೂರಿನ ತನಕ ಆಗಿರಲಿಲ್ಲವಲ್ಲ. ಅರಸೀಕೆರೆಯಲ್ಲಿ ಮತ್ತೆ ಹಾಕಬೇಕು ಅನ್ನಿಸಿದ್ದು ಆ ದನಿಯಿಂದ, ಆ ಸುಸ್ತಿನಿಂದ.

ನಿನ್ನ 41ನೇ ಸಾಲಿನಲ್ಲಿ ಲೇತ್ 'ಗರ್ಜಿಸುತ್ತದೆ'. ಇಡೀ ಪದ್ಯದಲ್ಲಿ ಲೇತ್ ಬರುವುದು ಅಲ್ಲೊಂದೇ ಕಡೆ, ಅದೂ ಸಿಂಹದ ವೇಷದಲ್ಲಿ. ಟೂಲ್ ಮೊಂಡಾದಾಗ ಸದ್ದು ಹೇಗೆ ಬದಲಾಗುತ್ತೆ ಅಂತ ಅಪ್ಪನನ್ನು ಕೇಳು. ನಮ್ಮ ಭಾವ ಬಾಯಲ್ಲೇ ಮಾಡಿ ತೋರಿಸುತ್ತಿದ್ದರು, ಇವರೂ ತೋರಿಸಬಹುದು. ಆ ಸದ್ದನ್ನು ಬರೆದು ಕಳಿಸು, ಆ ಒಂದು ಸಾಲು ಬಂದರೂ ಸಾಕು.

ನಿನ್ನ,
ಶಿವಮೊಗ್ಗದಿಂದ